ಹಂಚಿಡದ ದಿನ ಸ್ಟೋವ್ ಮಾರಿದ್ದು

ಈಗ ಮಾರಾಟದ ಕೆಲಸಕ್ಕೆ ಸೇರುವ ಹುಡುಗರನ್ನು ದೊಡ್ಡ ಊರಿನ ಹೋಟೆಲಿನಲ್ಲಿ ಕೂಡಿಸಿ ತರಬೇತಿ ಕೊಡುತ್ತಾರೆಂದು ಕೇಳಿದ್ದೇನೆ. ಗಿರಾಕಿಯನ್ನು ಹೆಸರು ಹಿಡಿದು ಕರೆ, ಕಣ್ಣು ನೋಡಿ ಮಾತನಾಡು, ನಗುತ್ತಿರು ಎಂದೆಲ್ಲ ಹೇಳಿಕೊಡುತ್ತಾರಂತೆ. ನನಗೆ ಸಿಕ್ಕ ತರಬೇತಿ ನನ್ನ ತಾಯಿಯದು. ಮೊದಲ ದಿನ ಜಮಖಂಡಿಯ ನಮ್ಮ ಮನೆಯ ಹೊಸ್ತಿಲಲ್ಲಿ ನಿಂತು ಆಕೆ ಹೇಳಿದ್ದು ಇಷ್ಟೇ: “ಮಲ್ಲಪ್ಪಾ, ಹೊಟ್ಟಿ ತುಂಬ ಉಂಡು ಹೋಗಬ್ಯಾಡ. ಹೋದ ಮನ್ಯಾಗ ಉಣ್ಣಾಕ ಒಂದೀಟು ಜಾಗಾ ಇಟ್ಕೊಂಡು ಹೋಗು.” ಆ ಮಾತು ನಿವೃತ್ತನಾಗುವವರೆಗೂ ನನ್ನನ್ನು ಸಾಕಿತು. ಹೊಟ್ಟೆಯನ್ನೂ ಸಾಕಿತು. ಈಗ ಧೋತರ ಉಟ್ಟುಕೊಳ್ಳುವಾಗ ಅದು ದಿನಾ ನೆನಪಾಗುತ್ತದೆ.

ನಾನು ಮಾರುತ್ತಿದ್ದದ್ದು ಹಿತ್ತಾಳೆಯ ಪಂಪ್ ಸ್ಟೋವ್. ನಮ್ಮ ಸೀಮೆ ಆಗ ಮುಂಬಯಿ ರಾಜ್ಯದಲ್ಲಿತ್ತು. ಜಮಖಂಡಿ, ಮುಧೋಳದ ಸಂಸ್ಥಾನಗಳು ಹೋಗಿ ಬಹಳ ಕಾಲವಾಗಿರಲಿಲ್ಲ. ಹಿರಿಯರು ಕಚೇರಿಯ ಕೆಲಸ ತಡವಾದಾಗಲೆಲ್ಲ ಹಳೆಯ ರಾಜರನ್ನು ನೆನೆಯುತ್ತಿದ್ದರು. ಪುಣೆಯ ಕಡೆಯ ಒಂದು ಕಂಪನಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗೆಲ್ಲ ಸೇರಿ ಒಬ್ಬ ಮನುಷ್ಯನನ್ನು ಹುಡುಕುತ್ತಿತ್ತು. ಕನ್ನಡ ಬರಬೇಕು, ಮರಾಠಿ ತಿಳಿಯಬೇಕು, ಕಟ್ಟಿಗೆಯ ಪೆಟ್ಟಿಗೆ ಹೊರಬೇಕು. ಮೂರೂ ನನ್ನಲ್ಲಿದ್ದವು. ಪೆಟ್ಟಿಗೆಯಲ್ಲಿ ಎರಡು ಸ್ಟೋವು, ತೂತು ಬಿಡಿಸುವ ಪಿನ್ನುಗಳು, ಬಟ್ಟೆಯ ಚಿಂದಿ, ಚಿಮಣಿ ಎಣ್ಣೆಯ, ಅಂದರೆ ಸೀಮೆಎಣ್ಣೆಯ, ಡಬ್ಬಿ. ಜೊತೆಗೆ ಕಂಪನಿ ಕೊಟ್ಟ ಒಂದು ಪುಡಿಕೆ ರವೆ. ಹೋದಲ್ಲೆಲ್ಲ ಸ್ಟೋವ್ ಹೊತ್ತಿಸಿ, ಶಿರಾ ಮಾಡಿ ತೋರಿಸಿ, ಚಮಚದಲ್ಲಿ ಎಲ್ಲರಿಗೂ ರುಚಿ ಹಚ್ಚಿಸಬೇಕೆಂಬುದು ಕಂಪನಿಯ ಕಟ್ಟಳೆ.

ಆ ಕಟ್ಟಳೆ ಮೊದಲ ವಾರವೇ ಮುರಿದುಬಿತ್ತು. ಪರರ ಓಣಿಗೆ ಹೋಗಿ ನಾವೇ ಅಡುಗೆ ಮಾಡಿ ಬಡಿಸಿದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅದು ತಮಾಷೆ, ಸ್ವಲ್ಪ ಅವಮಾನ ಕೂಡ. “ನಮ್ಮ ಮನಿ ಮುಂದ ಬಂದು ನೀನ ಉಣ್ಣಾಕ ನೀಡೂದಂದ್ರ ಏನು? ನಮ್ಮ ಮನ್ಯಾಗ ಹಿಟ್ಟಿಲ್ಲೇನು?” ಎಂದು ಒಬ್ಬಾಕೆ ಕೇಳಿಯೇಬಿಟ್ಟಳು. ಅಂದಿನಿಂದ ರವೆ ನನ್ನ ತಾಯಿಯ ಡಬ್ಬಿ ಸೇರಿತು. ನಾನು ಹೋದ ಮನೆಯಲ್ಲಿ “ಇವತ್ತ ನಿಮ್ಮ ಮನ್ಯಾಗ ಏನ ಅಡಗಿ ಐತ್ರಿ, ಅದನ್ನ ಇದರ ಮ್ಯಾಲ ಇಡ್ರಿ” ಎನ್ನತೊಡಗಿದೆ. ನನ್ನ ಇಡೀ ಕಸುಬು ಆ ಒಂದು ಮಾತಿನಿಂದ ಬದಲಾಯಿತು. ಮಾರಾಟ ಆಗಲಿ ಬಿಡಲಿ, ನಾಲ್ಕು ಊರುಗಳ ಅಡುಗೆಮನೆಗಳು ನನಗೆ ತೆರೆದುಕೊಂಡವು.

ಜಮಖಂಡಿಯ ದೊಡ್ಡ ವಾಡೆಗಳಲ್ಲಿ ಅಡುಗೆಮನೆಯವರೆಗೆ ಹೋಗುವ ಮಾತಿರಲಿಲ್ಲ. ಅಲ್ಲಿ ಪಡಸಾಲೆಯಲ್ಲಿ ಮರಾಠಿ, ಒಳಗೆ ಒಲೆಯ ಮುಂದೆ ಕನ್ನಡ. ಒಬ್ಬ ಹಿರಿಯಜ್ಜಿ ಕೆಂಪು ಸೀರೆಯ ಸೆರಗು ಹೊದ್ದು, ಮಾರು ದೂರ ನಿಂತು, ಸ್ಟೋವಿನ ನೀಲಿ ಉರಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಈ ಚಿಮಣಿ ಎಣ್ಣಿ ಮಡಿಗೆ ಬರತದೇನಪಾ?” ಕಂಪನಿಯ ಕಾಗದಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. “ನೆಲದೊಳಗಿಂದ ಬರತದ್ರಿ ಅಜ್ಜಿ, ಯಾರೂ ಮುಟ್ಟಿರಂಗಿಲ್ಲ” ಎಂದೆ. ಅಜ್ಜಿ ನಕ್ಕುಬಿಟ್ಟರು. “ಛಲೋ ಮಾತ ಕಲ್ತೀ” ಎಂದು, ಸ್ಟೋವನ್ನು ಅಡುಗೆಮನೆಗೆ ಬಿಡದೆ ಪಡಸಾಲೆಯ ಮೂಲೆಯಲ್ಲಿ ಚಹಾ ಕಾಸಲು ಇಡಿಸಿಕೊಂಡರು. ಹೊರಡುವಾಗ ಬಾಳೆಲೆಯ ತುಂಡಿನಲ್ಲಿ ಬಿಸಿ ಹೋಳಿಗೆ, ಅದರ ಮೇಲೆ ತುಪ್ಪ. ಹೊರಗಿನ ಕಟ್ಟೆಯ ಮೇಲೆ ಕೂತು ತಿಂದೆ, ದೂರ ಕೂಡಿಸಿದರೆಂದು ಆಗ ಒಂದಿಷ್ಟು ಬೇಸರವೂ ಆಯಿತು. ಆದರೆ ಹೋಳಿಗೆಯಲ್ಲಿ ಯಾವ ದೂರವೂ ಇರಲಿಲ್ಲ.

ಮುಧೋಳದ ಹತ್ತಿರ ಒಬ್ಬ ಜಮೀನುದಾರರ ಮನೆಯಲ್ಲಿ ಆದದ್ದು ಬೇರೆ ಕಥೆ. ಅವರಲ್ಲಿ ಬೇಟೆಯ ನಾಯಿಗಳಿದ್ದವು, ಆ ಕಡೆಯ ಉದ್ದ ಕಾಲಿನ, ಸಣ್ಣ ನಡುವಿನ ನಾಯಿಗಳು. ನಾನು ಅಂಗಳದಲ್ಲಿ ಸ್ಟೋವಿಗೆ ಗಾಳಿ ಹೊಡೆದು ಹೊತ್ತಿಸಿದೆ. ಅದು ಭರ್ರೆಂದು ಸದ್ದು ಮಾಡಿದ್ದೇ ತಡ, ಇದ್ದದ್ದರಲ್ಲಿ ದೊಡ್ಡ ನಾಯಿ ಕಟ್ಟಿದ ಹಗ್ಗ ಹರಿದುಕೊಂಡು ಕಬ್ಬಿನ ಹೊಲ ಸೇರಿತು. ಮನೆಯ ಗಂಡಸರೆಲ್ಲ ಅದರ ಹಿಂದೆ ಓಡಿದರು. ನಾನೂ ಓಡಿದೆ; ಕಬ್ಬಿನ ರವದಿ, ಆ ಒಣ ಗರಿ, ಮೈಯೆಲ್ಲ ಗೀರಿತು. ನಾಯಿ ಸಿಕ್ಕ ಮೇಲೆ ಯಜಮಾನರು ಅದರ ತಲೆ ಸವರುತ್ತ ಹೇಳಿದರು: “ಕಾಡಹಂದಿ ಮುಂದ ನಿಲ್ಲೂ ನಾಯಿ ಇದು. ಇದಕ್ಕ ಬ್ಯಾಡಾದದ್ದು ನಮಗೂ ಬ್ಯಾಡ್ರಿ.” ವ್ಯಾಪಾರ ಅಲ್ಲಿಗೇ ಮುಗಿಯಿತು. ಆದರೆ ಊಟ ಮುಗಿಯಲಿಲ್ಲ. ಅವರ ಮನೆಯಲ್ಲಿ ಅಂದು ಮಾಂಸದ ಅಡುಗೆ. ನಾನು ತಿನ್ನುವವನಲ್ಲವೆಂದು ನನ್ನ ಹಣೆಯ ವಿಭೂತಿ ನೋಡಿಯೇ ತಿಳಿದುಕೊಂಡ ಮನೆಯೊಡತಿ, ನಾನು ಏನೂ ಹೇಳುವ ಮೊದಲೇ ಹೊಸ ಮಣ್ಣಿನ ಹಂಚು ತೆಗೆಸಿ, ಬೇರೆ ಒಲೆ ಹೂಡಿ, ರೊಟ್ಟಿ ಬಡಿದು, ಶೇಂಗಾ ಹಿಂಡಿ ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ ಇಟ್ಟಳು. ನಾಯಿ ಓಡಿಸಿದವನಿಗೆ ಇಷ್ಟೊಂದು ಮರ್ಯಾದೆ ಬೇರೆ ಯಾವ ನಾಡಿನಲ್ಲಿ ಸಿಗುತ್ತದೋ ನನಗೆ ಗೊತ್ತಿಲ್ಲ.

ಅಲ್ಲಿಯೇ ಮೊದಲ ಬಾರಿಗೆ ಆ ಪ್ರಶ್ನೆ ಬಂತು. ರೊಟ್ಟಿಯನ್ನು ಹಂಚಿನಿಂದ ಎತ್ತಿ ಕೆಂಡಕ್ಕೆ ಆನಿಸುತ್ತ ಆಕೆ ಕೇಳಿದಳು: “ನಿನ್ನ ಸ್ಟೋದ ಮ್ಯಾಲ ರೊಟ್ಟಿ ಉಬ್ಬತೈತೇನಪಾ?” ಜೋಳದ ರೊಟ್ಟಿ ಹಂಚಿನ ಮೇಲೆ ಅರ್ಧ ಬೇಯುತ್ತದೆ, ಉಳಿದರ್ಧ ಕೆಂಡದ ಮಗ್ಗುಲಲ್ಲಿ. ಸ್ಟೋವಿಗೆ ಕೆಂಡವೆಲ್ಲಿ? ನೇರ ಉರಿಗೆ ಹಿಡಿದರೆ ಚಿಮಣಿ ಎಣ್ಣೆಯ ನಾತ ರೊಟ್ಟಿಗೆ ಹತ್ತುತ್ತದೆ. ಹಂಚಿನ ಮೇಲೆಯೇ ಬಟ್ಟೆಯಿಂದ ಒತ್ತಿ ಉಬ್ಬಿಸುವುದನ್ನು ತಾಯಿಯ ಹತ್ತಿರ ಕಲಿತೆ. ಉಬ್ಬುತ್ತಿತ್ತು, ಆದರೆ ತಿಂದವರು “ಹೂಂ” ಎನ್ನುತ್ತಿದ್ದರೇ ಹೊರತು “ಛಲೋ ಆಗೈತಿ” ಎನ್ನುತ್ತಿರಲಿಲ್ಲ. ರೊಟ್ಟಿ ತಿನ್ನುವ ಸೀಮೆಯಲ್ಲಿ ರೊಟ್ಟಿಗೆ ಬಾರದ ಒಲೆಯನ್ನು ಮಾರಲು ಹೊರಟಿದ್ದೆ ನಾನು.

ಎಳ್ಳಮಾವಾಸ್ಯೆಗೆ ಬೀಳಗಿ ಕಡೆ ಅನಗವಾಡಿಗೆ ಹೋಗಿದ್ದೆ. ಅಂದು ಊರಿಗೆ ಊರೇ ಎತ್ತಿನ ಗಾಡಿಯಲ್ಲಿ ಹೊಲಕ್ಕೆ ಹೋಗುತ್ತದೆ. ಎದೆಮಟ್ಟದ ಬಿಳಿಜೋಳದ ನಡುವೆ ಭೂಮಿತಾಯಿಗೆ ಚರಗ ಚೆಲ್ಲಿ, ಅಂದರೆ ಮಾಡಿದ ಅಡುಗೆಯನ್ನೆಲ್ಲ ಕಲಸಿ ಬೆಳೆಗೆ ಉಣಿಸಿ, ಆಮೇಲೆ ಎಲ್ಲರೂ ಸಾಲಾಗಿ ಕೂತು ಉಣ್ಣುತ್ತಾರೆ. ಅಷ್ಟು ಮಂದಿ ಒಂದೇ ಕಡೆ ಸಿಗುತ್ತಾರೆಂಬ ಆಸೆಗೆ ಬದುವಿನ ಮೇಲೆ ಸ್ಟೋವ್ ಹೊತ್ತಿಸಿದೆ. ಹೊಳೆಯ ಕಡೆಯ ಗಾಳಿ ಆರಿಸಿತು. ಮತ್ತೆ ಹೊತ್ತಿಸಿದೆ, ಮತ್ತೆ ಆರಿತು. ಹೆಣ್ಣುಮಕ್ಕಳು ಮೂರು ಕಲ್ಲು ಇಟ್ಟು ಹತ್ತಿಕಟ್ಟಿಗೆ ತುರುಕಿ ಬದನೆಕಾಯಿಯ ಎಣ್ಣೆಗಾಯಿ ಬಿಸಿ ಮಾಡಿಕೊಂಡರು. “ಬಾ ತಮ್ಮಾ, ನಿನ್ನ ಪೆಟಗಿ ಮುಚ್ಚು. ಹಸದ ಹೊಟ್ಟಿಗೆ ಯಾಕ ಗಾಳಿ ಹೊಡೀತಿ?” ಎಂದು ಕರೆದರು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ. ನಾನು ಬದುಕಿನಲ್ಲಿ ಬಹಳ ಊಟ ಮಾಡಿದ್ದೇನೆ. ಆ ಹೊಲದ ಊಟಕ್ಕೆ ಸಮನಾದದ್ದು ಇಲ್ಲ. ವ್ಯಾಪಾರ ಮಾತ್ರ ಅಂದೂ ಆಗಲಿಲ್ಲ.

ಹೀಗೆ ಉಂಡು ಉಂಡು ವರ್ಷ ಕಳೆಯಿತು. ನಮ್ಮ ಮೇಲಿನವರು ಲಿಮಯೆ ಸಾಹೇಬರು. ಒಳ್ಳೆಯವರು, ಆದರೆ ಒಳ್ಳೆಯತನ ಮುಖದ ಮೇಲೆ ತೋರಿಸುವವರಲ್ಲ. ಮದುವೆಯಾಗಿರಲಿಲ್ಲ, ವರ್ಷವಿಡೀ ರೈಲಿನಲ್ಲಿ ಓಡಾಟ, ಖಾನಾವಳಿಯಲ್ಲಿ ಊಟ. ಅವರ ಕನ್ನಡದಲ್ಲಿ ಅರ್ಧ ಮರಾಠಿ. ಬೇಸಿಗೆಯಲ್ಲಿ ನನ್ನನ್ನು ಕುಡಚಿ ಸ್ಟೇಷನ್ನಿಗೆ ಕರೆಸಿದರು. ಗಾಡಿ ಬರುವವರೆಗಿನ ಹೊತ್ತಿನಲ್ಲಿ ಎಲ್ಲ ಹೇಳಿ ಮುಗಿಸಿದರು.

“ಹೇ ಬಘಾ ಮಲ್ಲಪ್ಪ, ನೀವು ಊಟ ಛಲೋ ಮಾಡ್ತೀರಿ. ವ್ಯಾಪಾರ ಇಲ್ಲ. ಜನಾ ರೊಟ್ಟಿ ತಿಂತಾರ ಅಂತೀರಿ. ಹಂಗಾದ್ರ ರೊಟ್ಟಿನೇ ಮಾಡಿ ತೋರಸ್ರಿ. ಆಗಸ್ಟದಾಗ ನಾನು ಬನಹಟ್ಟಿಗೆ ಬರ್ತೀನಿ. ನನ್ನ ಮುಂದ ಹೆಣ್ಣಮಕ್ಕಳು ಈ ಸ್ಟೋ ಮ್ಯಾಲ ರೊಟ್ಟಿ ಮಾಡ್ಬೇಕು, ಮನಿಗೆ ತೊಗೋಬೇಕು. ಇಲ್ಲಂದ್ರ ಪೆಟ್ಟಿಗಿ ಕೀಲಿ ನನ್ನ ಕೈಯಾಗ ಕೊಡ್ರಿ.”

ತಾರೀಖನ್ನು ಅವರೇ ಗೊತ್ತು ಮಾಡಿದರು. ಮನೆಗೆ ಬಂದು ತಾಯಿಗೆ ಹೇಳಿದೆ. ತಂದೆ ತೀರಿಕೊಂಡಿದ್ದರು, ನಾವಿಬ್ಬರೇ, ಈ ನೌಕರಿ ಹೋದರೆ ನನಗೆ ಬೇರೆ ದಾರಿ ಕಾಣುತ್ತಿರಲಿಲ್ಲ. ಆಕೆ ಗೋಡೆಯ ಮೇಲಿನ ತೂಗುಪಂಚಾಂಗ ನೋಡಿ ತಲೆಗೆ ಕೈ ಹಚ್ಚಿಕೊಂಡಳು. “ಅವತ್ತ ನಾಗಪಂಚಮಿ ಐತಲ್ಲೋ ಮಗನ. ಪಂಚಮಿ ದಿನಾ ಯಾರು ಒಲಿ ಮ್ಯಾಲ ಹಂಚು ಇಡ್ತಾರ?”

ನಮ್ಮಲ್ಲಿ ಪಂಚಮಿಯ ದಿನ ಹಂಚು ಮುಟ್ಟುವುದಿಲ್ಲ. ಹಂಚು ನಾಗಪ್ಪನ ಹೆಡೆ ಇದ್ದಂತೆ, ಅದನ್ನು ಕಾಯಿಸಬಾರದು. ಕರಿಯುವುದಿಲ್ಲ, ಹೆಚ್ಚುವುದಿಲ್ಲ. ಹಿಂದಿನ ದಿನವೇ ರೊಟ್ಟಿ ಹಬ್ಬ; ಮನೆಮನೆಯಲ್ಲೂ ರಾಶಿ ರೊಟ್ಟಿ ಬಡಿದು, ಪಲ್ಯಗಳ ಜೊತೆ ಓಣಿಯ ತುಂಬ ಹಂಚುತ್ತಾರೆ. ಸಾಹೇಬರಿಗೆ ಕೂಡಲೇ ಬರೆದೆ. ಉತ್ತರ ಬರಲಿಲ್ಲ. ಅವರು ಯಾವ ಊರಿನ ಯಾವ ಖಾನಾವಳಿಯಲ್ಲಿದ್ದರೋ, ಕಾಗದ ಅವರನ್ನು ಮುಟ್ಟಲೇ ಇಲ್ಲ.

ಬನಹಟ್ಟಿಯಲ್ಲಿ ನಾನು ಇಳಿದುಕೊಳ್ಳುತ್ತಿದ್ದದ್ದು ನೀಲವ್ವನವರ ಮನೆಯ ಮುಂದಿನ ಕೋಣೆಯಲ್ಲಿ. ನೇಕಾರರ ಮನೆ, ಮಾತಿಗೆ ಮಗ್ಗದ ಸದ್ದಿನ ತಾಳ. ನೀಲವ್ವನವರು ನನ್ನ ಸ್ಟೋವಿಗೆ ವರ್ಷದಿಂದಲೂ ಹಟದ ವೈರಿ. “ಹೊಗಿ ಇಲ್ಲದ ಬೆಂಕಿ ಎಂಥಾ ಬೆಂಕಿಯೋ? ಹೊಗಿ ಹತ್ತಿದ ರೊಟ್ಟಿಗೆ ಇರೂ ರುಚಿ ಅದಕ್ಕೆಲ್ಲಿ ಬರತೈತಿ” ಎಂದು ಎಲ್ಲರೆದುರೂ ಹೇಳುತ್ತಿದ್ದರು. ಅವರ ಮಾತೆಂದರೆ ಓಣಿಯ ಮಾತು. ಅವರು ಬೇಡವೆಂದದ್ದನ್ನು ಯಾರೂ ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಹಾಗೆಂದು ನನಗೆ ಒಂದು ಹೊತ್ತೂ ಊಟ ತಪ್ಪಿಸಿದವರಲ್ಲ.

ರೊಟ್ಟಿ ಹಬ್ಬದ ದಿನ ನಾನು ಅಲ್ಲಿಗೆ ತಲುಪಿದಾಗ ಓಣಿಯಲ್ಲಿ ತಾಟುಗಳ ಮೆರವಣಿಗೆ. ಈ ಮನೆಯ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಆ ಮನೆಗೆ, ಆ ಮನೆಯ ಖಡಕ್ ರೊಟ್ಟಿ ಈ ಮನೆಗೆ. ಹಿಂದಿನ ಓಣಿಯ ಮುಸಲ್ಮಾನ ನೇಕಾರರ ಮನೆಗೂ ತಾಟು ಹೋಯಿತು. ಅಲ್ಲಿಂದ ಖಾಲಿ ತಾಟು ತಿರುಗಿ ಬರಬಾರದೆಂದು ಸಕ್ಕರೆ ತುಂಬಿ ಬಂತು. ನೀಲವ್ವನವರ ಮಗಳು ಕಸ್ತೂರಿ ಪಂಚಮಿಗೆಂದು ತವರಿಗೆ ಬಂದಿದ್ದಳು. ಮದುವೆಯಾಗಿ ಮೊದಲನೆಯ ಪಂಚಮಿ. ಊರಾಚೆಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಯಾಗಿತ್ತು. ಇಷ್ಟೆಲ್ಲ ಸಡಗರದ ನಡುವೆ ನಾನು ಬಡಿಸಿದ ರೊಟ್ಟಿಯನ್ನು ತಾಟಿನಲ್ಲೇ ಬಿಟ್ಟು ಎದ್ದೆ. ನನ್ನ ಬದುಕಿನಲ್ಲಿ ಹಾಗಾದದ್ದು ಅದೊಂದೇ ಸಲ.

ಮರುದಿನ ಮುಂಜಾನೆಯಿಂದಲೇ ಜಿಟಿಜಿಟಿ ಮಳೆ. ಸಾಹೇಬರು ಕುಡಚಿಯಿಂದ ಮೋಟಾರಿನಲ್ಲಿ ಬಂದಿಳಿದರು, ಪ್ಯಾಂಟಿನ ತುದಿಗೆಲ್ಲ ಕರಿ ಕೆಸರು. ನೀಲವ್ವನವರ ಮನೆಯ ಮುಂದಿನ ಚಪ್ಪರದ ಕೆಳಗೆ ನಾನು ಸ್ಟೋವ್ ಹೊತ್ತಿಸಿಟ್ಟಿದ್ದೆ. ನಾಗಪ್ಪನಿಗೆ ಹಾಲೆರೆದು ಬಂದ ಹೆಣ್ಣುಮಕ್ಕಳು ಹೊಸ ಸೀರೆಯಲ್ಲಿ ಸುತ್ತ ನಿಂತಿದ್ದರು. ಸಾಹೇಬರು “ಹಂ, ಹಂಚು ತರ್ರಿ” ಎಂದರು. ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನೀಲವ್ವನವರು ಸೆರಗು ಸರಿಪಡಿಸಿಕೊಂಡು ಹೇಳಿದರು: “ಇವತ್ತ ಹಂಚು ಇಡಂಗಿಲ್ರಿ ಸಾಹೇಬ್ರ. ನಾಳೆ ಬರ್ರಿ.”

“ನಾಳೆ ನಾನು ಮಿರಜಿನಾಗ ಇರ್ಬೇಕು” ಎಂದರು ಸಾಹೇಬರು. ನನ್ನ ಕಡೆ ತಿರುಗಿ, “ಮಲ್ಲಪ್ಪ, ಹಂಚು ಇಡಬಾರದ ದಿನಾ ಅಂತ ನೀವು ಇವರಿಗೆ ಹೇಳಿಕೊಟ್ಟೀರಿ. ಸಾಕಾತು. ಕೀಲಿ ಕೊಡ್ರಿ” ಎಂದರು.

ಹಬ್ಬ ಓಣಿಯದು, ಹೇಳಿಕೊಟ್ಟವನು ನಾನು! ಆದರೂ ವಾದಿಸಲಿಲ್ಲ. ಉಡದಾರಕ್ಕೆ ಕಟ್ಟಿಕೊಂಡಿದ್ದ ಕೀಲಿ ಬಿಚ್ಚಿ ಅವರ ಅಂಗೈಗೆ ಹಾಕಿದೆ. ಅವರು ಅದನ್ನು ಕೋಟಿನ ಜೇಬಿಗೆ ಇಳಿಸಿದರು. ತಾಯಿಗೆ ಏನು ಹೇಳುವುದೆಂಬುದೊಂದೇ ನನ್ನ ತಲೆಯಲ್ಲಿತ್ತು.

ಅಷ್ಟರಲ್ಲಿ ಒಳಗಿನಿಂದ ಕಸ್ತೂರಿ ಕೆಮ್ಮುತ್ತ ಹೊರಗೆ ಬಂದಳು. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಮಳೆಗೆ ಕಟ್ಟಿಗೆಯೆಲ್ಲ ಹಸಿಯಾಗಿ ಒಲೆ ಉರಿಯುತ್ತಲೇ ಇರಲಿಲ್ಲ. ದೇವರ ನೈವೇದ್ಯದ ಮಟ್ಟಿಗೆ ಬೆಳಕು ಹರಿಯುವಾಗ ಹೇಗೋ ಆಗಿತ್ತು. ಮನೆಮಂದಿಯ ಕಡುಬು ಇನ್ನೂ ಬೆಂದಿರಲಿಲ್ಲ. ಬೇವಿನ ಮರದ ಕಡೆಯಿಂದ ಗೆಳತಿಯರು ಅವಳ ಹೆಸರು ಹಿಡಿದು ಕೂಗುತ್ತಿದ್ದರು. ಅವಳು ಸ್ಟೋವನ್ನೂ ತಾಯಿಯನ್ನೂ ನೋಡಿದಳು.

“ಅವ್ವಾ, ಹಂಚು ಇಡಬಾರದು ಖರೆ. ಉಗಿ ಗಡಗಿ ಇಟ್ರ ನಡಿತೈತಿಲ್ಲೋ?”

ನೀಲವ್ವನವರು ವರ್ಷದಿಂದ ಬೈದ ಸ್ಟೋವು ಒಂದು ಕಡೆ, ಜೋಕಾಲಿ ಬಿಟ್ಟು ಹೊಗೆಯಲ್ಲಿ ಅಳುತ್ತಿರುವ ಮಗಳು ಒಂದು ಕಡೆ. ಓಣಿಯ ಹೆಣ್ಣುಮಕ್ಕಳೆಲ್ಲ ಅವರ ಬಾಯಿಯನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ.

“ಉಗಿಗೆ ಅಡ್ಡಿ ಇಲ್ಲ” ಎಂದರು ಕೊನೆಗೆ. “ತಾ, ಗಡಗಿ ತಾ.”

ಗಡಿಗೆಗೆ ನೀರು ಹಾಕಿ, ಬಾಯಿಗೆ ಬಿಳಿ ಬಟ್ಟೆ ಕಟ್ಟಿ, ಹೂರಣದ ಕಡುಬು ಇಟ್ಟು ಮುಚ್ಚಿದರು. ಸ್ಟೋವು ಭರ್ರೆಂದಿತು. ಇಲ್ಲಿ ಅಂಜುವ ನಾಯಿ ಇರಲಿಲ್ಲ, ಆರಿಸುವ ಗಾಳಿಯೂ ಇರಲಿಲ್ಲ. ನಾಲ್ಕು ಮಾತು ಮುಗಿಯುವಷ್ಟರಲ್ಲಿ ಬೆಲ್ಲ ಏಲಕ್ಕಿಯ ಘಮ ಚಪ್ಪರ ತುಂಬಿತು. ಪಕ್ಕದ ಮನೆಯಾಕೆ ತನ್ನ ಗಡಿಗೆಯನ್ನೂ ತಂದು ಎರಡನೆಯ ಸ್ಟೋವಿನ ಮುಂದೆ ನಿಂತಳು. ಆಕೆಯ ಹಿಂದೆ ಇನ್ನೊಬ್ಬಾಕೆ. ಒಂದರ ನಂತರ ಒಂದು ಗಡಿಗೆ ಇಳಿದಂತೆ ಹೆಣ್ಣುಮಕ್ಕಳು ಜೋಕಾಲಿಯ ಕಡೆ ಓಡಿದರು. ಕಸ್ತೂರಿ ಎಲ್ಲರಿಗಿಂತ ಮುಂದೆ.

ನೀಲವ್ವನವರು ಒಂದು ತಾಟಿನಲ್ಲಿ ಬಿಸಿ ಕಡುಬು, ತುಪ್ಪ, ಪಕ್ಕದಲ್ಲಿ ನಿನ್ನೆಯ ರೊಟ್ಟಿಗಳನ್ನು ಇಟ್ಟು ಸಾಹೇಬರ ಮುಂದೆ ಹಿಡಿದರು. “ಹಬ್ಬದ ದಿನಾ ಬಾಗಲಿಗೆ ಬಂದವರು ಹಂಗ ಹೋಗಬಾರದ್ರಿ. ವ್ಯಾಪಾರ ಆಮ್ಯಾಲ.” ಸಾಹೇಬರು ಸಂಕೋಚದಿಂದ ಕೂತರು. ಕಡುಬು ಮುರಿದರು, ಬಾಯಿಗಿಟ್ಟರು.

“ಇದಕ್ಕ ನಾವು ದಿಂಡ ಅಂತೀವಿ” ಎಂದರು ಮೆಲ್ಲಗೆ. “ಪಂಚಮಿ ದಿನಾ ನಮ್ಮ ಆಯಿ, ಅಂದ್ರ ನಮ್ಮ ಅವ್ವ, ಸುದ್ಧಾ ತವಾ ಮುಟ್ಟತಿರಲಿಲ್ಲ. ಆಯಿ ಹೋದ ಮ್ಯಾಲ ಖಾನಾವಳಿ. ಅಲ್ಲಿ ಪಂಚಮಿಗೂ ಚಪಾತಿ ಕೊಡ್ತಾರ. ನಾನು ಮರ್ತೇ ಹೋದೆ.”

ನೀಲವ್ವನವರು ಇನ್ನೊಂದು ಕಡುಬು ಬಡಿಸಿದರು. ಸಾಹೇಬರು ಬೇಡವೆನ್ನಲಿಲ್ಲ. ತಿನ್ನುತ್ತ ತಿನ್ನುತ್ತ ನನ್ನ ಕಡೆ ನೋಡಿ, “ಮಲ್ಲಪ್ಪ, ಇಷ್ಟ ವರ್ಷ ಸ್ಟೋ ಮಾರೇನಿ. ಅದರ ಮ್ಯಾಲ ಬೆಂದದ್ದನ್ನ ಒಬ್ಬರ ಮನ್ಯಾಗ ಕೂತು ಉಂಡಿದ್ದು ಇವತ್ತೇ” ಎಂದರು. ಕೈ ತೊಳೆದು, ಒರೆಸಿಕೊಂಡು, ಕೋಟಿನ ಜೇಬಿನಿಂದ ಕೀಲಿ ತೆಗೆದು ನನ್ನ ಪೆಟ್ಟಿಗೆಯ ಮೇಲೆ ಇಟ್ಟರು. ಅಷ್ಟೇ. ಆ ದಿನದ ಬಗ್ಗೆ ಅವರು ಮತ್ತೆಂದೂ ಒಂದು ಮಾತು ಆಡಲಿಲ್ಲ. ಆದರೆ ನಿವೃತ್ತರಾಗುವವರೆಗೂ ಪಂಚಮಿಗೆ ಹೇಗಾದರೂ ಮಾಡಿ ಬನಹಟ್ಟಿಯ ತಪಾಸಣೆ ಹಾಕಿಕೊಳ್ಳುತ್ತಿದ್ದರು.

ಅವರ ಮೋಟಾರು ಹೋದ ಮೇಲೆ ನೀಲವ್ವನವರು ಸ್ಟೋವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರು. “ಇದನ್ನ ಇಲ್ಲೇ ಬಿಟ್ಟು ಹೋಗು” ಎಂದರು.

“ಇದರ ಮ್ಯಾಲ ರೊಟ್ಟಿ ಛಲೋ ಆಗಂಗಿಲ್ರಿ ಅವ್ವಾರ” ಎಂದೆ. ಮಾರುವವನು ಆಡುವ ಮಾತಲ್ಲ. ಆದರೆ ಅವರ ಮುಂದೆ ಬೇರೆ ಮಾತು ಬರಲಿಲ್ಲ.

“ರೊಟ್ಟಿಗೆ ನನ್ನ ಒಲಿ ಐತಿ, ನಾ ಇದ್ದೇನಿ. ವರ್ಷಕ್ಕೊಮ್ಮಿ ತವರಿಗೆ ಬರೂ ಮಗಳು ಹೊಗ್ಯಾಗ ಕಣ್ಣೀರ ಹಾಕೂದು ಬ್ಯಾಡ. ಅದಕ್ಕಷ್ಟ ಇದು.”

ಹೊಸದಾಗಿ ಈ ಕಸುಬಿಗೆ ಬರುವವರಿಗೆ ನಾನು ಹೇಳುವುದೇನಾದರೂ ಇದ್ದರೆ ಅದು ನೀಲವ್ವನವರು ಅಂದು ಹೇಳಿದ ಮಾತು. ಅದಾದ ಮೇಲೆ ನಾನು ಯಾವ ಮನೆಯಲ್ಲೂ ಸ್ಟೋವಿನ ಗುಣಗಾನ ಮಾಡಲಿಲ್ಲ. ಊಟವಾದ ಮೇಲೆ “ನಿಮ್ಮ ಮಗಳು ಯಾವಾಗ ಬರ್ತಾಳ್ರಿ?” ಎಂದು ಕೇಳುತ್ತಿದ್ದೆ. ಆ ಓಣಿಯಲ್ಲಿ ದೀಪಾವಳಿಯೊಳಗೆ ಬಹಳ ಮನೆಗಳು ಸ್ಟೋವ್ ತೆಗೆದುಕೊಂಡವು. ಆಮೇಲೆ ರಬಕವಿ, ಆಮೇಲೆ ಬೀಳಗಿ. ನಾಯಿ ಓಡಿಹೋದ ಮುಧೋಳದ ಮನೆಯವರೂ ಮಗಳ ಬಾಣಂತನಕ್ಕೆ ನೀರು ಕಾಯಿಸಲು ಒಂದನ್ನು ತರಿಸಿಕೊಂಡರು. ಹೊತ್ತಿಸುವ ಮೊದಲು ನಾಯಿಯನ್ನು ಹೊಲಕ್ಕೆ ಕಳಿಸುತ್ತಾರಂತೆ.

ಈಗ ಎಲ್ಲರ ಮನೆಯಲ್ಲೂ ಗ್ಯಾಸು. ನನ್ನ ಹಿತ್ತಾಳೆ ಸ್ಟೋವುಗಳು ಅಟ್ಟ ಸೇರಿವೆ, ಕೆಲವು ಗುಜರಿಗೂ ಹೋಗಿವೆ. ಅದಕ್ಕೆ ನನಗೆ ದುಃಖವಿಲ್ಲ. ನಾಲ್ಕು ಊರಿನ ತಾಯಂದಿರು, ಬೇಡದ ವಸ್ತು ಹೊತ್ತುಕೊಂಡು ಬಂದವನನ್ನು ಬಾಗಿಲಲ್ಲಿ ನಿಲ್ಲಿಸದೆ ಉಣಿಸಿದರು. ಆ ಋಣ ದೊಡ್ಡದು, ತೀರಿಸುವ ದಾರಿಯೂ ನನಗೆ ಗೊತ್ತಿಲ್ಲ.

ನೀಲವ್ವನವರು ಈಗಿಲ್ಲ. ಆದರೂ ಪಂಚಮಿಯ ಹಿಂದಿನ ದಿನ ಬನಹಟ್ಟಿಯ ಬಸ್ಸಿನಲ್ಲಿ ನನಗೊಂದು ಗಂಟು ಬರುತ್ತದೆ. ಕಳಿಸುವವಳು ಇಂದಿಗೂ ಪಂಚಮಿಗೆ ತವರಿಗೆ ಬರುವ ಕಸ್ತೂರಿ, ಅವಳೇ ಈಗ ಮೊಮ್ಮಕ್ಕಳಿಗೆ ಜೋಕಾಲಿ ಕಟ್ಟಿಸುವ ವಯಸ್ಸಿನವಳು. ಬಿಳಿ ಬಟ್ಟೆ ಬಿಚ್ಚಿದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಅಂಚಿನಲ್ಲಿ ಕೆಂಡ ತಾಗಿದ ಕಪ್ಪು ಕಲೆ. ಈ ವರ್ಷ ಫೋನಿನಲ್ಲಿ ಕೇಳಿದೆ: “ಮನ್ಯಾಗ ಗ್ಯಾಸ್ ಐತಿ, ಇನ್ನೂ ಯಾಕವ್ವಾ ಒಲಿ ಮುಂದ ಕೂಡ್ತೀ?”

“ಅವ್ವ ಹೇಳಿ ಹೋಗ್ಯಾಳ್ರಿ ಕಾಕಾ” ಎಂದಳು. “ಮಲ್ಲಪ್ಪಗ ಕಳಸೂ ರೊಟ್ಟಿ ಒಲಿ ಮ್ಯಾಲಿಂದ ಇರಬೇಕಂತ.”